ಗದ್ದಲ ಯಾವುದು, ದನಿ ಯಾವುದು?

ತರಗತಿಗೆ ಅಂತ ಆಡಿಯೋ ರೆಕಾರ್ಡ್ ಮಾಡೋದನ್ನ ಕಲಿಯೋಕೆ ಒಂದು ಶನಿವಾರ ಸಾಕು. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಇಟ್ಟರೆ ಅರ್ಧ ಕೆಲಸ ಮುಗೀತು. ಉಳಿದರ್ಧಕ್ಕೆ ಅಡಾಸಿಟಿ ಇದೆ. 2000ದಲ್ಲಿ ಬಂದ, ಪುಕ್ಕಟೆ ಸಿಗುವ ತಂತ್ರಾಂಶ. ಯಾರೂ ಮಾತಾಡದ ಒಂದೆರಡು ಸೆಕೆಂಡ್ ಆರಿಸಿ ‘ಇದು ಗದ್ದಲ’ ಅಂತ ತೋರಿಸಿದರೆ, ಅದೇ ಬಗೆಯ ಸದ್ದನ್ನು ಇಡೀ ರೆಕಾರ್ಡಿಂಗಿನಲ್ಲಿ ತಗ್ಗಿಸುತ್ತೆ.

ಗಮನಿಸಿ, ಯಾವುದು ಗದ್ದಲ ಅಂತ ಅದಕ್ಕೆ ನಾವು ಹೇಳಬೇಕು. ನೈತಿಕ ಪ್ರಶ್ನೆ ಶುರುವಾಗೋದು ಅಲ್ಲೇ.

ಮಂಡ್ಯ ಕಡೆಯ ಒಬ್ಬ ಅಜ್ಜಿ ಮೂರನೇ ಕ್ಲಾಸಿನ ಮಕ್ಕಳಿಗಾಗಿ ಕತೆ ಹೇಳ್ತಿದ್ದಾರೆ ಅಂದ್ಕೊಳ್ಳಿ. ‘ಅಸು ಆಲು ಕೊಡ್ತು’ ಅಂತಾರೆ. ಹಿಂದೆ ಲಾರಿ ಹಾರನ್. ಲಾರಿಯನ್ನು ತೆಗೀತೀವಿ, ಸರಿ. ಆದರೆ ‘ಅಜ್ಜೀ, ಇನ್ನೊಂದ್ಸಲ ಹೇಳಿ, ಹಸು, ಹಾಲು’ ಅಂತ ಕೇಳಬೇಕಾ?

ಕೇಳಬೇಕು ಅನ್ನುವವರ ಮಾತಲ್ಲೂ ಹುರುಳಿದೆ. ಮಗು ಪರೀಕ್ಷೆಯಲ್ಲಿ ‘ಆಲು’ ಅಂತ ಬರೆದರೆ ಮಾರ್ಕ್ಸ್ ಹೋಗೋದು ಮಗುವಿಂದು, ನಮ್ಮದಲ್ಲ. ಆದರೆ ಹಳಗನ್ನಡದಲ್ಲಿ ಅದು ‘ಪಾಲ್’. ‘ಪ’ ಹೋಗಿ ‘ಹ’ ಬಂತು. ಕೆಲವು ಕಡೆ ಆ ‘ಹ’ವೂ ಹೋಯಿತು. ಪಾಲ್ ಅಂತಿದ್ದವರ ಕಿವಿಗೆ ನಮ್ಮ ‘ಹಾಲು’ ಕೂಡ ಒಂದು ಕಾಲಕ್ಕೆ ಅಡ್ಡಾದಿಡ್ಡಿಯಾಗೇ ಕೇಳಿಸಿರಬೇಕು. ಬರೆಯೋಕೆ ಒಂದು ರೂಪ, ಆಡೋಕೆ ಹಲವು ಅಂತ ಬೋರ್ಡಿನ ಮೇಲೆ ಹೇಳಿಕೊಡಬಹುದು. ಅದಕ್ಕಾಗಿ ಅಜ್ಜಿಯ ನಾಲಿಗೆ ತಿದ್ದಬೇಕಿಲ್ಲ. ತಿದ್ದಿದರೆ, ಮನೇಲಿ ‘ಆಲು’ ಅನ್ನುವ ಮಗು ಇನ್ನೊಂದು ಪಾಠವನ್ನೂ ಕಲಿಯುತ್ತೆ: ನಮ್ಮನೆ ಮಾತಿಗೆ ಸ್ಕೂಲಿಗೆ ಬರೋ ಯೋಗ್ಯತೆ ಇಲ್ಲ.

ಹಾಗಾದ್ರೆ ಎಡಿಟ್ ಮಾಡೋದೇ ಮೋಸವಾ? ಅಲ್ಲ. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ ಕಛೇರಿ ಕೊಡೋದನ್ನೇ ಬಿಟ್ಟು ಸ್ಟುಡಿಯೋ ಸೇರಿದರು. ಬಾಖ್‌ನ ಒಂದು ಕೃತಿಗೆ ಎರಡು ಟೇಕ್‌ಗಳನ್ನು ಬೆಸೆದದ್ದನ್ನು 1966ರ ಪ್ರಬಂಧವೊಂದರಲ್ಲಿ ಮುಚ್ಚುಮರೆ ಇಲ್ಲದೆ ಹೇಳಿ ಸಮರ್ಥಿಸಿಕೊಂಡರು. ಆದರೆ ಅಲ್ಲಿ ದನಿಯೂ ಅವರದೇ, ಕತ್ತರಿಯೂ ಅವರದೇ. ನಮ್ಮ ವಿಷಯದಲ್ಲಿ ದನಿ ಅಜ್ಜಿಯದು, ಕತ್ತರಿ ಲ್ಯಾಪ್‌ಟಾಪ್ ಇರುವ ನಮ್ಮ ಕೈಲಿ. ವ್ಯತ್ಯಾಸ ಇಷ್ಟೇ, ಆದರೆ ಚಿಕ್ಕದಲ್ಲ.

ಮಕ್ಕಳ ದನಿಗೂ ಇದೇ ಮಾತು. ಉತ್ತರ ಹೇಳೋ ಮುಂಚೆ ಹುಡುಗಿ ಮೂರು ಸೆಕೆಂಡ್ ಸುಮ್ಮನಾದರೆ ಅದು ಖಾಲಿ ಜಾಗ ಅಲ್ಲ, ಯೋಚನೆ. ಅಂಥದ್ದನ್ನೆಲ್ಲ ಕತ್ತರಿಸಿದ ಆಡಿಯೋ ಕೇಳಿ ಬೆಳೆಯುವ ಮಗುವಿಗೆ ತಡವರಿಸೋದು ತಾನೊಬ್ಬನೇ ಅನಿಸಲ್ವಾ?

ಒಂದು ಸರಳ ದಾರಿ ಇದೆ. ಎಡಿಟ್ ಆದ ಮೇಲೆ ಮಾತಾಡಿದವರಿಗೇ ಕೇಳಿಸಿ. ‘ಹೂಂ, ಇದು ನಾನೇ’ ಅಂದರೆ ಸರಿ. ಕಷ್ಟ ಬರೋದು ಅಜ್ಜಿಯೇ ‘ನಮ್ಮಾತು ಸರಿ ಇಲ್ಲ ಕಣವ್ವ, ನೀನೇ ತಿದ್ಕೊ’ ಅಂದಾಗ. ಅವರ ದನಿ ಅವರದು, ಕೊನೆಯ ಮಾತೂ ಅವರದೇ. ಆದರೆ ಆ ನಾಚಿಕೆ ಅವರು ಹುಟ್ಟುವಾಗ ತಂದದ್ದಲ್ಲ. ಮುಂಚೆ ಯಾರೋ ಆಡಿಸಿದ ಕತ್ತರಿಯ ಗುರುತು ಅದು. ಹಾಗಾಗಿ ಒಪ್ಪಿಕೊಳ್ಳೋ ಮುಂಚೆ ಒಮ್ಮೆಯಾದರೂ ಹೇಳಿ ನೋಡೋಣ: ‘ಇಲ್ಲಜ್ಜಿ, ಹೀಗೇ ಚೆನ್ನಾಗಿದೆ.’