ಎರಡು ಸೊನ್ನೆಗಳು

2025ರ ಏಪ್ರಿಲ್ ಮೊದಲ ವಾರ. ಈದ್ ಮುಗಿದು ನಾಲ್ಕೈದು ದಿನವಾಗಿತ್ತು. ಸೋಗಾನೆಯಿಂದ ಆಪಾ ಬಂದಿದ್ದಳು. ಶಿವಮೊಗ್ಗದ ನಮ್ಮ ಮನೆಯ ತಾರಸಿಯ ಮೇಲೆ ಸೋಲಾರ್ ಫಲಕಗಳನ್ನು ಕೂರಿಸಿ ಆಗಲೇ ಎರಡು ತಿಂಗಳು ಕಳೆದಿತ್ತು, ಆದರೆ ಅವಳು ನೋಡಿರಲಿಲ್ಲ. ಮಂಡಿನೋವಿದ್ದರೂ ಮೆಟ್ಟಿಲು ಹತ್ತಿ ಬಂದಳು. ಒಂದು ಫಲಕದ ಅಂಚಿನ ಧೂಳನ್ನು ಸೆರಗಿನಿಂದ ಒರೆಸಿ, ಸರ್ಕಾರ ಎಷ್ಟು ಕೊಟ್ಟಿತು ಎಂದು ಕೇಳಿದಳು. ಎಪ್ಪತ್ತೆಂಟು ಸಾವಿರ ಎಂದೆ. ಬಿಲ್ಲು? ಯೂನಿಟ್ಟಿನ ಲೆಕ್ಕ ಸೊನ್ನೆ, ನಿಗದಿತ ಶುಲ್ಕ ಮಾತ್ರ ಬರುತ್ತದೆ ಎಂದೆ. ಆಪಾ ನಕ್ಕಳು. ನಾವು ಮನೆಯಲ್ಲಿ ಆಡುವುದು ದಖನಿ ಉರ್ದು, ಅವಳು ಹೇಳಿದ್ದು ಕನ್ನಡದಲ್ಲಿ ಹೀಗಾಗುತ್ತದೆ: "ನಂದೂ ಸೊನ್ನೇನೇ ಕಣೋ, ಗೃಹಜ್ಯೋತಿ ಬಂದಾಗಿನಿಂದ. ಹಂಗಾದ್ರೆ ಈಗ ನಾವಿಬ್ಬರೂ ಸಮ ಆದ್ವಿ."

ತಮಾಷೆಗೆ ಆಡಿದ ಮಾತು. ನಾನೂ ನಕ್ಕೆ. ಆದರೆ ಅವಳು ಸಂಜೆಯ ಬಸ್ಸು ಹತ್ತಿದ ಮೇಲೂ ಈ ಸಮದ ಲೆಕ್ಕ ನನ್ನನ್ನು ಬಿಡಲಿಲ್ಲ. ಎರಡು ಸೊನ್ನೆಗಳು ಗಣಿತದಲ್ಲಿ ಒಂದೇ. ಬದುಕಿನಲ್ಲಿ ಒಂದೇ ಹೌದೇ?

ನನ್ನ ಸೊನ್ನೆ ಹೇಗೆ ಬಂತು ಎಂಬುದನ್ನು ಮೊದಲು ಹೇಳುತ್ತೇನೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಕೋಟಿ ಮನೆಗಳ ಗುರಿಯಿಟ್ಟುಕೊಂಡು 'ಪಿಎಂ ಸೂರ್ಯಘರ್' ಯೋಜನೆಯನ್ನು ಪ್ರಕಟಿಸಿತು. ಅದಕ್ಕೆ ತೆಗೆದಿಟ್ಟ ಹಣ 75,021 ಕೋಟಿ ರೂಪಾಯಿ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಅಲ್ಲಿಂದಾಚೆಗೆ ಎಷ್ಟು ಹಾಕಿಸಿದರೂ ಸಹಾಯಧನ 78,000ಕ್ಕೆ ನಿಲ್ಲುತ್ತದೆ. ಮೂರು ಕಿಲೋವ್ಯಾಟ್ ಎಂದರೆ ಸುಮಾರು ಮುನ್ನೂರು ಚದರಡಿ ನೆರಳಿಲ್ಲದ ತಾರಸಿ. ಬಿಸಿಲಿನ ತಿಂಗಳುಗಳಲ್ಲಿ ತಿಂಗಳಿಗೆ ಮುನ್ನೂರು ಯೂನಿಟ್ಟಿಗೆ ಕಡಿಮೆಯಿಲ್ಲದೆ ಸಿಗುತ್ತದೆ, ನಮ್ಮ ಆಷಾಢ ಶ್ರಾವಣದ ಮಳೆಯಲ್ಲಿ ಇಳಿಯುತ್ತದೆ. ನಮಗೆ ಒಟ್ಟು ಖರ್ಚು ಎರಡು ಲಕ್ಷದ ಹತ್ತಿರ ಬಂತು. ಸಹಾಯಧನ ಬರುವುದು ಎಲ್ಲ ಮುಗಿದ ಮೇಲೆ, ಬ್ಯಾಂಕಿನ ಖಾತೆಗೆ. ಅಂದರೆ ಮೊದಲು ಕೈಯಿಂದ ಹಾಕಬೇಕು, ಇಲ್ಲವೇ ಸಾಲ ಎತ್ತಬೇಕು. ಸಾಲವೂ ಮೇಲಾಧಾರವಿಲ್ಲದೆ ಸಿಗುತ್ತದೆ. ಬೇಕಾದದ್ದು ಇಷ್ಟೇ: ಮನೆ ಅರ್ಜಿದಾರನದಾಗಿರಬೇಕು, ಫಲಕ ತಡೆಯುವ ಸೂರಿರಬೇಕು, ವಿದ್ಯುತ್ ಸಂಪರ್ಕವಿರಬೇಕು.

ಈ 'ಇಷ್ಟೇ' ಎಂಬ ಮಾತನ್ನು ಬರೆಯುವಾಗ ಕೈ ತಡೆಯುತ್ತದೆ.

ಸೋಗಾನೆ ಎಂದರೆ ಹೊರಗಿನವರಿಗೆ ಈಗ ವಿಮಾನ ನಿಲ್ದಾಣ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ ಕುವೆಂಪು ಅವರ ಹೆಸರು ಹೊತ್ತಿದೆ. ಅದಕ್ಕೆ ಮೊದಲು ಸೋಗಾನೆ ಎಂದರೆ ಜೈಲು. 'ಸೋಗಾನೆಗೆ ಹೋದ' ಎಂದರೆ ಶಿವಮೊಗ್ಗದಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೈಲಿಗೂ ವಿಮಾನಕ್ಕೂ ನಡುವೆ ಮನುಷ್ಯರು ಬದುಕುವ ಊರೊಂದಿದೆ, ಅಲ್ಲಿ ಆಪಾನ ಮನೆಯಿದೆ. ಸಿಮೆಂಟ್ ಇಟ್ಟಿಗೆಯ ಗೋಡೆ, ಮೇಲೆ ತಗಡು. ಭಾವನ ತಂದೆ ಕಾಲದಿಂದ ಅದೇ ಜಾಗ, ಆದರೆ ಜಾಗ ಸರ್ಕಾರದ್ದು. ಹಕ್ಕುಪತ್ರಕ್ಕೆ ಕೊಟ್ಟ ಅರ್ಜಿಯ ನಕಲು ಪ್ಲಾಸ್ಟಿಕ್ ಚೀಲದಲ್ಲಿ ಗೋಡೆಗೆ ನೇತಾಡುತ್ತದೆ. ಆ ಮನೆಗೆ ಕರೆಂಟು ಬಂದಿದೆ, ಮೀಟರೂ ಇದೆ, ಸೊನ್ನೆ ಬಿಲ್ಲೂ ಬರುತ್ತದೆ. ಸೂರ್ಯನೂ ಬರುತ್ತಾನೆ. ಮೇ ತಿಂಗಳಲ್ಲಿ ಆ ತಗಡಿನ ಕೆಳಗೆ ಮಧ್ಯಾಹ್ನ ಕೂತರೆ ನಮ್ಮ ಮನೆಗಿಂತ ಹೆಚ್ಚೇ ಬಂದಂತೆ ಕಾಣುತ್ತಾನೆ. ಸಹಾಯಧನ ಮಾತ್ರ ಅಲ್ಲಿಗೆ ಬರುವುದಿಲ್ಲ.

ನಮ್ಮ ಪಕ್ಕದ ಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು, ಓದಿಕೊಂಡವರು, ನನ್ನ ಕಥೆಗಳನ್ನು ಓದಿ ತಪ್ಪು ತೋರಿಸುವಷ್ಟು ಸಲಿಗೆಯವರು. ನನಗಿಂತ ಮೊದಲೇ ಫಲಕ ಹಾಕಿಸಿದ್ದು ಅವರು. ಒಂದು ಸಂಜೆ ಅವರ ಮುಂದೆ ಆಪಾನ ಮಾತನ್ನು ಹೇಳಿದೆ. "ನೋಡಿ ಸಾಹೇಬ್ರೇ, ಅದಕ್ಕೂ ಇದಕ್ಕೂ ಹೋಲಿಸಬೇಡಿ" ಎಂದರು. "ಅದು ಬಿಟ್ಟಿ. ನಮ್ಮದು ಪ್ರೋತ್ಸಾಹಧನ. ನಾವು ದುಡ್ಡು ಹಾಕಿದ್ದೇವೆ, ದೇಶಕ್ಕೆ ಕರೆಂಟು ಕೊಡ್ತಾ ಇದ್ದೇವೆ."

ಅವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಆ ಎರಡು ಪದಗಳ ಹಂಚಿಕೆ ನನಗೆ ವಿಚಿತ್ರವಾಗಿ ಕಂಡಿತು. 2023ರಲ್ಲಿ ರಾಜ್ಯ ಸರ್ಕಾರ ಗೃಹಜ್ಯೋತಿ ತಂದಾಗ ಇನ್ನೂರು ಯೂನಿಟ್ಟಿನ ಒಳಗೆ ಬಳಸುವವರಿಗೆ, ಅದೂ ಹಿಂದಿನ ವರ್ಷದ ಸರಾಸರಿಗೆ ಶೇಕಡಾ ಹತ್ತು ಸೇರಿಸಿದಷ್ಟಕ್ಕೆ, ಶುಲ್ಕ ಮನ್ನಾ ಆಯಿತು. ಬಾಡಿಗೆ ಮನೆಯವರಿಗೂ ಸಿಕ್ಕಿತು. ಅದನ್ನು ಬಿಟ್ಟಿ ಭಾಗ್ಯವೆಂದು ಹಂಗಿಸಿದವರು ಎಷ್ಟೋ ಜನ. ಇತ್ತ ಸೂರ್ಯಘರ್ ಯೋಜನೆಯ ಪೂರ್ತಿ ಹೆಸರಿನಲ್ಲೇ 'ಮುಫ್ತ್ ಬಿಜ್ಲಿ' ಎಂದಿದೆ. ಉರ್ದು ಶಾಲೆಯಲ್ಲಿ ಕಲಿತವನಿಗೆ ಮುಫ್ತ್ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮುಫ್ತ್ ಎಂದರೆ ಬಿಟ್ಟಿ. ಆದರೂ ನಮ್ಮ ಬಡಾವಣೆಯಲ್ಲಿ ಎಪ್ಪತ್ತೆಂಟು ಸಾವಿರ ಪಡೆದವರನ್ನು ಯಾರೂ ಬಿಟ್ಟಿ ತಿನ್ನುವವರು ಎನ್ನುವುದಿಲ್ಲ. ತಗಡಿನ ಕೆಳಗೆ ಎರಡು ಬಲ್ಬು ಒಂದು ಫ್ಯಾನು ಉರಿಸುವವಳನ್ನು ಅನ್ನುತ್ತಾರೆ.

ನೆರೆಯವರ ಇನ್ನೊಂದು ಮಾತು ಇದಕ್ಕಿಂತ ಗಟ್ಟಿಯಾದದ್ದು. ನಿಮ್ಮ ಅಕ್ಕನಿಗೆ ತಿಂಗಳಿಗೆ ಅರವತ್ತು ಯೂನಿಟ್ ಸಾಕು, ಅದು ಬರುತ್ತಿದೆ. ಫಲಕ ಕಟ್ಟಿಕೊಂಡು ಅವರೇನು ಮಾಡುತ್ತಾರೆ, ಬಡವರಿಗೆ ಅದು ಉಳ್ಳವರಿಗೆ ಇದು, ಲೆಕ್ಕ ಸರಿಹೋಯಿತಲ್ಲ ಎಂದರು. ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹೊಳೆದದ್ದು ಇದು. ನನ್ನ ತಾರಸಿಯ ಮೇಲಿರುವುದು ಇಪ್ಪತ್ತೈದು ವರ್ಷ ಬಾಳುವ ಆಸ್ತಿ. ಯಾವ ಸರ್ಕಾರ ಬಂದರೂ ಹೋದರೂ ಅದನ್ನು ಬಿಚ್ಚಿಕೊಂಡು ಹೋಗುವುದಿಲ್ಲ. ನಾನು ಸತ್ತರೆ ಮಕ್ಕಳಿಗೆ ಹೋಗುತ್ತದೆ, ಮನೆ ಮಾರಿದರೆ ಬೆಲೆಯಲ್ಲಿ ಸೇರುತ್ತದೆ. ಆಪಾನ ಸೊನ್ನೆಯನ್ನು ಪ್ರತಿ ತಿಂಗಳೂ ಹೊಸದಾಗಿ ಕೊಡಬೇಕು. ಒಂದು ಆದೇಶಕ್ಕೆ ಬಂದದ್ದು ಇನ್ನೊಂದು ಆದೇಶಕ್ಕೆ ಹೋಗಬಹುದು. ಪ್ರತಿ ಚುನಾವಣೆಗೆ ಮುನ್ನ ಅವಳು ಟೀವಿ ಮುಂದೆ ಕೂತು ಇದು ಇರುತ್ತದೋ ಇಲ್ಲವೋ ಎಂದು ಕಾಯಬೇಕು. ನನಗೆ ಸರ್ಕಾರ ಜಾಯದಾದ್ ಕೊಟ್ಟಿತು, ಅವಳಿಗೆ ಮೆಹರ್‌ಬಾನಿ.

ಹಾಗಾದರೆ ಈ ಸಹಾಯಧನವೇ ತಪ್ಪೇ? ಅಷ್ಟು ಸುಲಭವಾಗಿ ಹೇಳಲಾರೆ, ಪಡೆದವನು ನಾನು ಎಂಬ ಕಾರಣಕ್ಕಷ್ಟೇ ಅಲ್ಲ. ಜರ್ಮನಿಯಲ್ಲಿ 1999ರಲ್ಲಿ ಒಂದು ಲಕ್ಷ ಸೂರುಗಳ ಯೋಜನೆ ಬಂತು. ಮರುವರ್ಷದ ಕಾನೂನು, ಸೂರಿನ ಮೇಲೆ ತಯಾರಾದ ವಿದ್ಯುತ್ತಿಗೆ ಇಪ್ಪತ್ತು ವರ್ಷ ಕಟ್ಟುನಿಟ್ಟಿನ ದರ ಕೊಟ್ಟಿತು. ಆಗ ಹಾಕಿಸಿದವರು ಹೆಚ್ಚಾಗಿ ಸ್ವಂತ ಮನೆಯುಳ್ಳವರು. ಅವರು ಕೊಂಡದ್ದರಿಂದ ಕಾರ್ಖಾನೆಗಳು ಬೆಳೆದವು, ಮುಂದೆ ಚೀನಾ ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿತು, ಬೆಲೆ ಬಿತ್ತು. ಇವತ್ತು ನಮ್ಮ ಹಳ್ಳಿಯ ಅಂಗಡಿಯವನೂ ಒಂದು ಸಣ್ಣ ಫಲಕ ಕೊಳ್ಳಬಲ್ಲನೆಂದರೆ ಅದರ ಹಿಂದೆ ಆ ಉಳ್ಳವರಿಗೆ ಸಿಕ್ಕ ಸಹಾಯವೂ ಇದೆ. ಆದರೆ ಆ ದರದ ಹೊರೆಯನ್ನು ಹೊತ್ತವರು ಯಾರು? ಎಲ್ಲರ ಕರೆಂಟು ಬಿಲ್ಲಿನ ಮೇಲೆ ಒಂದು ಸೇರಿಕೆ ಬರುತ್ತಿತ್ತು, 2022ರಲ್ಲಿ ತೆಗೆಯುವವರೆಗೆ. ಸೂರಿಲ್ಲದ ಬಾಡಿಗೆದಾರನೂ ಅದನ್ನು ಕಟ್ಟಿದ. ಅಲ್ಲಿಯವರಿಗೆ ಈ ಅನ್ಯಾಯ ತಟ್ಟಿರಬೇಕು. 2017ರಲ್ಲಿ ಬಾಡಿಗೆದಾರರಿಗೂ ತಾರಸಿಯ ವಿದ್ಯುತ್ತು ಹಂಚಲು ಕಾನೂನು ತಂದರು. 2024ರಲ್ಲಿ, ಬಾಡಿಗೆದಾರ ಬಾಲ್ಕನಿಗೆ ಪುಟ್ಟ ಫಲಕ ಕಟ್ಟಿಕೊಳ್ಳುತ್ತೇನೆಂದರೆ ಮನೆಯ ಮಾಲೀಕ ಕಾರಣವಿಲ್ಲದೆ ಬೇಡವೆನ್ನುವಂತಿಲ್ಲ ಎಂದು ಮಾಡಿದರು. ತಡವಾಗಿ ಆದರೂ ಸೂರಿಲ್ಲದವನ ನೆನಪು ಬಂತು.

ನಮ್ಮಲ್ಲಿ ಮನೆಯಾಚೆಗೆ ಹೋದರೂ ಕಥೆ ಅದೇ. ಹೊಲದ ಸೋಲಾರ್ ಪಂಪಿಗೆ ಕುಸುಮ್ ಯೋಜನೆಯಲ್ಲಿ ಕೇಂದ್ರ ಶೇಕಡಾ 30, ಕರ್ನಾಟಕ ಶೇಕಡಾ 50 ಕೊಡುತ್ತದೆ, ರೈತ 20 ಹಾಕಿದರೆ ಸಾಕು. ಒಳ್ಳೆಯದೇ, ರಾತ್ರಿ ಹೊತ್ತು ಮೋಟಾರು ಹಾಕಲು ಹಾವಿನ ಭಯದಲ್ಲಿ ತೋಟಕ್ಕೆ ನಡೆಯುವುದು ತಪ್ಪುತ್ತದೆ. ಆದರೆ ಪಹಣಿಯಲ್ಲಿ ಹೆಸರಿಲ್ಲದ ಬಗರ್‌ಹುಕುಂ ಸಾಗುವಳಿದಾರ ಯಾವ ಕಾಗದ ಹಿಡಿದು ಹೋಗಬೇಕು? ವ್ಯಾಪಾರಕ್ಕೆ ಈ ಸಹಾಯಧನವಿಲ್ಲ, ಬದಲಿಗೆ ಆದಾಯ ತೆರಿಗೆಯಲ್ಲಿ ಶೇಕಡಾ 40ರ ಸವಕಳಿ ತೋರಿಸಬಹುದು. ಅಕ್ಕಿ ಗಿರಣಿಯ ಧಣಿಗೆ ಅದು ಲಾಭ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಪಂಕ್ಚರ್ ಅಂಗಡಿಯವನಿಗೆ ಏನೂ ಇಲ್ಲ. ಪಾವಗಡದಲ್ಲಿ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಎದ್ದಿತು. ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಪಡೆದದ್ದು ಮೆಚ್ಚಬೇಕಾದ ಮಾತು. ಬರದ ನಾಡಿನ ರೈತರಿಗೆ ಅದು ಆಸರೆಯಾಯಿತು. ಅದೇ ಹೊಲಗಳಲ್ಲಿ ಶೇಂಗಾ ಕೀಳಲು ಹೋಗುತ್ತಿದ್ದ ಭೂಮಿಯಿಲ್ಲದ ಕೂಲಿಯವರಿಗೆ ಯಾರೂ ಗುತ್ತಿಗೆ ಕೊಡಲಿಲ್ಲ, ಗುತ್ತಿಗೆಗೆ ಕೊಡಲು ಅವರ ಬಳಿ ಏನಿತ್ತು?

ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಲಿಂಗನಮಕ್ಕಿ 1964ರಲ್ಲಿ ತುಂಬಿಕೊಂಡಾಗ ನಾಡಿಗೆಲ್ಲ ಬೆಳಕು ಹೋಯಿತು. ಮುಳುಗಡೆಯಾದವರಲ್ಲಿ ಎಷ್ಟೋ ಕುಟುಂಬಗಳ ಹಕ್ಕುಪತ್ರದ ಹೋರಾಟ ಇನ್ನೂ ಮುಗಿದಿಲ್ಲ.

ಹಕ್ಕು ಎಂಬ ಪದವನ್ನು ಕನ್ನಡದಲ್ಲಿ ಬರೆಯುವಾಗಲೆಲ್ಲ ನನ್ನ ಕಿವಿಯಲ್ಲಿ ಉರ್ದುವಿನ 'ಹಕ್' ಕೇಳುತ್ತದೆ. ಅದು ಅರಬ್ಬಿಯಿಂದ ಬಂದು ನಮ್ಮೆರಡೂ ಭಾಷೆಗಳಲ್ಲಿ ಮನೆ ಮಾಡಿದ ಪದ. ಆದರೆ ಕನ್ನಡಕ್ಕೆ ಬರುವಾಗ ಅದರ ಅರ್ಧ ಗಂಟು ದಾರಿಯಲ್ಲೇ ಉಳಿಯಿತು. ಕನ್ನಡದ ಹಕ್ಕು ನನಗೆ ಸಿಗಬೇಕಾದದ್ದು. ಅರಬ್ಬಿಯ ಹಕ್ ಸತ್ಯವೂ ಹೌದು, ನನ್ನ ಮೇಲೆ ಇನ್ನೊಬ್ಬರಿಗಿರುವ ಬಾಕಿಯೂ ಹೌದು. ನೆರೆಯವನ ಹಕ್, ಕೂಲಿಯವನ ಹಕ್, ಅಕ್ಕತಂಗಿಯರ ಹಕ್ ಎನ್ನುವಾಗ ಕೊಡಬೇಕಾದವನು ನಾನು. ಝಕಾತಿನ ಲೆಕ್ಕವೂ ಹಾಗೆ. ನಿಸಾಬ್ ಎಂಬ ಒಂದು ಗೆರೆಯಿದೆ. ಅದರ ಮೇಲೆ ಆಸ್ತಿಯುಳ್ಳವನು ಕೊಡಬೇಕು, ಕೆಳಗಿರುವವನು ಪಡೆಯಬಹುದು. ಸೂರ್ಯಘರ್‌ನ ಸಹಾಯಧನಕ್ಕೂ ಒಂದು ಗೆರೆಯಿದೆ, ಸ್ವಂತ ಸೂರು ಮತ್ತು ಅದರ ಕಾಗದ. ಆದರೆ ಇಲ್ಲಿ ಗೆರೆಯ ಮೇಲಿರುವವನೇ ಪಡೆಯುತ್ತಾನೆ. ಸರ್ಕಾರದ ಯೋಜನೆಯನ್ನು ಝಕಾತಿನ ತಕ್ಕಡಿಯಲ್ಲಿ ತೂಗಬಾರದು ಎನ್ನಬಹುದು. ತೂಗುತ್ತಿರುವುದು ಯೋಜನೆಯನ್ನಲ್ಲ, ನನ್ನನ್ನು.

ಯಾಕೆಂದರೆ ಆ ಕಾಗದ ನನ್ನ ಕೈಗೆ ಹೇಗೆ ಬಂತು ಎಂಬುದನ್ನು ಇದುವರೆಗೆ ಹೇಳದೆ ಉಳಿಸಿಕೊಂಡಿದ್ದೇನೆ. ಈ ಮನೆಯ ನಿವೇಶನ ಅಬ್ಬಾ ಕೊಂಡದ್ದು. ಅವರು ತೀರಿಕೊಂಡಾಗ ಅಮ್ಮೀ ಆಗಲೇ ಇರಲಿಲ್ಲ, ಇದ್ದವರು ನಾವಿಬ್ಬರು. ಶರೀಅತ್ತಿನ ಪ್ರಕಾರ ಮೂರರಲ್ಲಿ ಒಂದು ಪಾಲು ಆಪಾನದು. 2009ರಲ್ಲಿ ನಾನು ಮನೆ ಕಟ್ಟಲು ಸಾಲಕ್ಕೆ ಹೋದಾಗ, ಖಾತೆ ಒಬ್ಬರ ಹೆಸರಿಗಿದ್ದರೆ ಸುಲಭ ಎಂದರು. ಆಪಾ ಉಪನೋಂದಣಿ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಕೊಟ್ಟಳು. "ತಮ್ಮನ ಮನೆ ಅಂದ್ರೆ ನನ್ನ ತವರೇ ಅಲ್ವಾ" ಎಂದಳು. ನಾನು ಒಂದು ಸೀರೆ ಕೊಟ್ಟೆ. ಹಾಗೆ ಮಾಡುವುದು ನಮ್ಮ ಮನೆಗಳಲ್ಲಿ ಎಷ್ಟು ರೂಢಿಯೆಂದರೆ ಅದರ ಬಗ್ಗೆ ಯೋಚಿಸಬೇಕೆಂದೂ ನನಗೆ ಅನಿಸಲಿಲ್ಲ. ಹೆಣ್ಣುಮಕ್ಕಳ ಪಾಲಿನ ಮೇಲೆ ಕಥೆ ಬರೆದವನು ನಾನು.

ಸೂರ್ಯಘರ್‌ಗೆ ಅರ್ಜಿ ಹಾಕುವಾಗ ನನ್ನ ದಾಖಲೆ ಎಷ್ಟು ಸ್ವಚ್ಛವಾಗಿತ್ತೆಂದರೆ ಒಂದು ಪ್ರಶ್ನೆಯೂ ಬರಲಿಲ್ಲ. ಆ ಸ್ವಚ್ಛತೆ ಆಪಾನ ಹೆಬ್ಬೆಟ್ಟಿನದು. ಎಪ್ಪತ್ತೆಂಟು ಸಾವಿರದಲ್ಲಿ ಅವಳ ಪಾಲು ಇಪ್ಪತ್ತಾರು ಸಾವಿರ ಎಂದು ಲೆಕ್ಕ ಹಾಕಬಹುದು. ಆದರೆ ಅಷ್ಟನ್ನು ಕೊಟ್ಟು ಕೈತೊಳೆದುಕೊಂಡರೆ ನಿವೇಶನದ ಮಾತು ಮತ್ತೆ ಮುಚ್ಚಿಹೋಗುತ್ತದೆ. ತಾರಸಿಯ ಮೇಲೆ ನಿಂತು ಅವಳು 'ಸಮ ಆದ್ವಿ' ಎಂದಾಗ ಅವಳಿಗೆ ಇದು ಹೊಳೆದಿತ್ತೋ ಇಲ್ಲವೋ ನನಗೆ ತಿಳಿಯದು. ಕೇಳುವ ಧೈರ್ಯವೂ ಇಲ್ಲ.

ಮೊನ್ನೆ ಪತ್ರ ಬರೆಯುವವರ ಬಳಿ ಹೋಗಿದ್ದೆ. ನಿವೇಶನದಲ್ಲಿ ಮೂರನೆಯ ಒಂದು ಪಾಲನ್ನು ಅಕ್ಕನಿಗೆ ವಾಪಸು ಕೊಡಬೇಕು ಎಂದೆ. ಅವರು ಹಳೆಯ ಪತ್ರ ನೋಡಿ, "ವಾಪಸು ಅಂತ ಬರೆಯೋಕೆ ಬರಲ್ಲ ಸಾರ್. ಅವರು ಬಿಡುಗಡೆ ಮಾಡಿ ಆಗಿದೆ, ಈಗ ಅವರಿಗೆ ಹಕ್ಕಿಲ್ಲ. ನೀವು ದಾನಪತ್ರ ಮಾಡಬಹುದು" ಎಂದರು. ಕರಡು ಕೊಟ್ಟಿದ್ದಾರೆ. ಅದರಲ್ಲಿ ನಾನು ನನ್ನ ಅಕ್ಕನ ಮೇಲಿನ ಪ್ರೀತಿ ವಿಶ್ವಾಸದಿಂದ ಈ ಸ್ವತ್ತನ್ನು ದಾನ ಮಾಡುತ್ತಿದ್ದೇನೆ ಎಂದಿದೆ. ಆ ಸಾಲನ್ನು ಬೇರೆ ರೀತಿ ಬರೆಯಲಾಗುವುದೇ ಎಂದು ಕೇಳಿದೆ. ಎಲ್ಲರಿಗೂ ಅದೇ ಸಾರ್ ಎಂದರು. ಕರಡು ನನ್ನ ಮೇಜಿನ ಮೇಲಿದೆ. ಮುಂದಿನ ಭಾನುವಾರ ಸೋಗಾನೆಗೆ ಹೋಗಬೇಕು, ಆಪಾನಿಗೆ ಅದನ್ನು ಓದಿ ಹೇಳಬೇಕು. ಆ ಸಾಲನ್ನು ದಖನಿಯಲ್ಲಿ ಹೇಗೆ ಹೇಳುವುದೆಂದು ಇನ್ನೂ ಹುಡುಕುತ್ತಿದ್ದೇನೆ.