ಜಾಡು ಹಿಡಿದು

ಕೋಳಿ ಅಂಗಡಿಯ ಮುಂದೆ ನಾನು ಯಾವಾಗಲೂ ರಸ್ತೆಯ ಕಡೆ ಮುಖ ಮಾಡಿಯೇ ನಿಲ್ಲುತ್ತಿದ್ದೆ. "ಒಂದು ಕೆ.ಜಿ. ಕೊಡಪ್ಪ, ಸಣ್ಣಗೆ ಕತ್ತರಿಸು" ಎಂದು ಹೇಳಿ, ಪಕ್ಕದ ಹೂವಿನವಳ ಹತ್ತಿರ ಮಲ್ಲಿಗೆಯ ದರ ಕೇಳುತ್ತಲೋ, ಹೋಗಿಬರುವ ಬಸ್ಸುಗಳ ಬೋರ್ಡು ಓದುತ್ತಲೋ ಐದು ನಿಮಿಷ ಕಳೆಯುತ್ತಿದ್ದೆ. ಬೆನ್ನ ಹಿಂದೆ ರೆಕ್ಕೆ ಬಡಿಯುವ ಸದ್ದು ಕೇಳಿ, ನಿಂತುಹೋಗುತ್ತಿತ್ತು. ಆಮೇಲೆ ಕಪ್ಪು ಚೀಲ ಕೈಗೆ ಬರುತ್ತಿತ್ತು. ನಮ್ಮಲ್ಲಿ ಎಷ್ಟೋ ಹೆಂಗಸರು ಹೀಗೇ ನಿಲ್ಲುತ್ತಾರೆ. ನಮ್ಮದು ಮೆತ್ತನೆಯ ಮನಸ್ಸು, ಅದನ್ನೆಲ್ಲ ನೋಡಲಾಗುವುದಿಲ್ಲ ಎಂದು ಹೇಳಿಕೊಳ್ಳುತ್ತೇವೆ. ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆ ಅಲುಗಾಡಿದ್ದು ಬಹಳ ದೂರದ ಒಂದು ಊರಿನಲ್ಲಿ, ಮಂಜಿನ ನಡುವೆ.

2022ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದೆ. ಅವಳ ಮನೆ ಇರುವುದು ಸೌತ್ ಡಕೋಟಾ ರಾಜ್ಯದ ಬ್ರೂಕಿಂಗ್ಸ್ ಊರಿನ ಹೊರಗೆ. ಮಲೆನಾಡಿನಲ್ಲಿ ಹುಟ್ಟಿದ ನನಗೆ ಆ ಸೀಮೆಯನ್ನು ನೋಡಿ ಗಾಬರಿಯೇ ಆಯಿತು. ಒಂದು ಗುಡ್ಡವಿಲ್ಲ, ಕಾಡಿಲ್ಲ. ಕಣ್ಣು ಹಾಯುವ ತನಕ ಕಟಾವಾದ ಜೋಳದ ಹೊಲ, ಹುಲ್ಲು, ನಡುನಡುವೆ ಆಪು ಬೆಳೆದ ಜೌಗು. ತಡೆಯುವವರಿಲ್ಲದ ಗಾಳಿ. ಅಕ್ಟೋಬರಿನಲ್ಲಿ ಅಲ್ಲಿ ಬೇಟೆಯ ಹಂಗಾಮು ಶುರುವಾದರೆ ನಮ್ಮೂರಿನ ಜಾತ್ರೆಯೇ. ಕಿತ್ತಳೆ ಬಣ್ಣದ ಅಂಗಿ ತೊಟ್ಟವರು ನಾಯಿಗಳನ್ನು ಕರೆದುಕೊಂಡು ಎಲ್ಲೆಲ್ಲಿಂದಲೋ ಬರುತ್ತಾರೆ. ಒಬ್ಬರ ಗುಂಡು ಇನ್ನೊಬ್ಬರಿಗೆ ತಗಲದಿರಲೆಂದು ಆ ಬಣ್ಣ.

ಅವರು ಹುಡುಕಿಕೊಂಡು ಬರುವುದು ಫೆಸೆಂಟ್ ಎಂಬ ಹಕ್ಕಿಯನ್ನು. ನಮ್ಮ ಕಾಡುಕೋಳಿ, ನವಿಲುಗಳ ಕುಟುಂಬದ್ದೇ. ಹುಂಜಕ್ಕೆ ಹಸಿರು ತಲೆ, ಕೆಂಪು ಮುಖ, ಕೊರಳಿಗೆ ಬಿಳಿಯ ಪಟ್ಟಿ, ಮೈಯೆಲ್ಲ ತಾಮ್ರದ ಬಣ್ಣ, ಉದ್ದ ಬಾಲ. ಹೇಂಟೆ ಬರೀ ಕಂದು. ಇದು ಅಲ್ಲಿನ ಹಕ್ಕಿಯೇ ಅಲ್ಲ, ಏಷ್ಯಾದಿಂದ ಹೋದದ್ದು. 1880ರ ದಶಕದಲ್ಲಿ ಚೀನಾದಿಂದ ತಂದು ಆರೆಗಾನ್ ರಾಜ್ಯದಲ್ಲಿ ಬಿಟ್ಟರಂತೆ. ಆಮೇಲೆ ಸೌತ್ ಡಕೋಟಾಕ್ಕೂ ಬಂತು. ಅಲ್ಲಿ ಮೊದಲ ಬೇಟೆಗೆ ಅಪ್ಪಣೆ ಸಿಕ್ಕಿದ್ದು 1919ರಲ್ಲಿ, ಒಂದೇ ಒಂದು ದಿನಕ್ಕೆ. 1943ರಲ್ಲಿ ಅದನ್ನೇ ರಾಜ್ಯದ ಹಕ್ಕಿಯೆಂದು ಸಾರಿದರು. ಕೊಲ್ಲುವ ಹಕ್ಕಿಗೇ ಮರ್ಯಾದೆ ಮಾಡುವ ಈ ಜನರೆಂಥವರು ಎಂದು ನನಗೆ ನಗು ಬಂದಿತ್ತು.

ಮಗಳ ನೆರೆಮನೆಯಲ್ಲಿ ಒಬ್ಬ ಹಿರಿಯಾಕೆ ಇದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಗಂಡ ಇಲ್ಲ, ಹೊಲವನ್ನು ಗೇಣಿಗೆ ಕೊಟ್ಟಿದ್ದರು. ನನ್ನ ಮೊಮ್ಮಗನಿಗೆ ಉಣ್ಣೆಯ ಟೊಪ್ಪಿ ಹೆಣೆದುಕೊಟ್ಟ ಕೈ ಅದು. ಅದೇ ಕೈ ಬಂದೂಕು ಹಿಡಿಯುತ್ತದೆಂದು ತಿಳಿದಾಗ ನನಗೆ ಒಂದು ಥರ ಆಯಿತು. ಅಳಿಯನನ್ನು ಮಧ್ಯೆ ಕೂರಿಸಿಕೊಂಡು ಆಕೆಯ ಹತ್ತಿರ ಬಹಳ ಮಾತಾಡಿದೆ. ಹೊಡೆಯುವುದು ಹುಂಜವನ್ನು ಮಾತ್ರ, ಒಬ್ಬರಿಗೆ ದಿನಕ್ಕೆ ಮೂರು, ಹೇಂಟೆಯನ್ನು ಮುಟ್ಟುವ ಹಾಗಿಲ್ಲ. ಹಕ್ಕಿ ಎದ್ದ ಕೂಡಲೇ ಯಾರಾದರೂ "ಹುಂಜ!" ಅಥವಾ "ಹೇಂಟೆ!" ಎಂದು ಕೂಗುತ್ತಾರೆ. ಗೊತ್ತಾಗದಿದ್ದರೆ ಕೋವಿ ಇಳಿಸಬೇಕು. ಹೊಸ ಮಂಜು ಬಿದ್ದ ದಿನ ಹಕ್ಕಿ ಆಪಿನೊಳಗೆ ಒತ್ತಿ ಕೂರುತ್ತದೆ, ಕಾಲಿಗೆ ಸಿಗುವಷ್ಟು ಹತ್ತಿರ ಹೋದರೂ ಏಳುವುದಿಲ್ಲ. ಗಾಳಿ ಜೋರಾದ ದಿನ ಬೆದರಿ, ದೂರದಲ್ಲೇ ಎದ್ದು ಹಾರುತ್ತದೆ.

"ಇದರಿಂದ ನಿಮಗೆ ಸಂತೋಷ ಆಗುತ್ತದೆಯೇ?" ಎಂದು ಕೇಳಿಯೇಬಿಟ್ಟೆ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. "ಆಗುತ್ತದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಹಕ್ಕಿ ಏಳುವ ತನಕ ಸಂತೋಷ. ಬಿದ್ದ ಮೇಲೆ ಸ್ವಲ್ಪ ಹೊತ್ತು ಮಾತು ಬೇಡ ಅನ್ನಿಸುತ್ತದೆ" ಎಂದರು.

ನವೆಂಬರ್ ಮೂರನೆಯ ವಾರ ಜಿಂಕೆ ಬೇಟೆ ಶುರುವಾಯಿತು. ಬಿಳಿಬಾಲದ ಜಿಂಕೆ ಅಲ್ಲಿ ಹೊಲಕ್ಕೆ ನುಗ್ಗುತ್ತದೆ, ರಾತ್ರಿ ಕಾರಿಗೆ ಅಡ್ಡ ಬರುತ್ತದೆ. ಅದನ್ನು ಹಿಡಿಯುತ್ತಿದ್ದ ತೋಳಗಳು ಆ ಬಯಲಿನಿಂದ ಎಂದೋ ಹೋದವು. ಬೇಟೆಗೆ ಸರ್ಕಾರ ಚೀಟಿ ಕೊಡುತ್ತದೆ, ಒಂದು ಚೀಟಿಗೆ ಒಂದು ಜಿಂಕೆ. ಹೊಡೆದ ಮೇಲೆ ಚೀಟಿಯನ್ನು ಅದರ ಮೈಗೆ ಕಟ್ಟಬೇಕು. ಆ ದಿನ ಆಗಲೇ ಅರ್ಧ ಮೊಣಕಾಲು ಮಂಜು, ಮೇಲೆ ಗಾಳಿ. ಸಂಜೆ ಕಿಟಕಿಯಿಂದ ನೋಡುತ್ತೇನೆ, ಆಕೆ ಬರಿಗೈಯಲ್ಲಿ ಬಂದರು, ಕೋವಿಯನ್ನು ಒಳಗಿಟ್ಟು ಟಾರ್ಚು ಹಿಡಿದು ಮತ್ತೆ ಹೊರಟರು. ಗುಂಡು ಜಿಂಕೆಗೆ ತಗಲಿದೆ, ಆದರೆ ಬಿದ್ದಿಲ್ಲ. ನೆತ್ತರಿನ ಜಾಡು ಪಕ್ಕದವರ ಹೊಲಕ್ಕೆ ಹೋಗಿದೆ. ಹೊಲದವರಿಗೆ ಫೋನು ಮಾಡಿ ಅಪ್ಪಣೆ ಕೇಳಿ ಹೋದರಂತೆ. ರಾತ್ರಿ ಹತ್ತು ಗಂಟೆಯ ತನಕ ಆ ಬೆಳಕಿನ ಚುಕ್ಕೆ ಬಯಲಿನಲ್ಲಿ ಓಡಾಡುವುದು ಕಾಣುತ್ತಿತ್ತು. ಹೊಸ ಮಂಜು ಬಿದ್ದು ಜಾಡು ಮುಚ್ಚಿಹೋಯಿತು.

ಬೆಳಿಗ್ಗೆ ಮತ್ತೆ ಹೊರಟಿದ್ದರು. ಮಗುವನ್ನು ಮಗಳಿಗೆ ಒಪ್ಪಿಸಿ ನಾನೂ ಅಳಿಯನೂ ಜೊತೆಗೆ ಹೋದೆವು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ, ಮುಖಕ್ಕೆ ಹೊಡೆಯುವ ಗಾಳಿ. ನನ್ನ ಕೈಯಲ್ಲಿ ಅರ್ಧ ಗಂಟೆಯೂ ನಡೆಯಲಾಗಲಿಲ್ಲ, ಕಾರಿನಲ್ಲಿ ಕೂತೆ. ಅಳಿಯ ಬಂದು ಹೇಳಿದ: "ಅತ್ತೆ, ಬಿಟ್ಟುಬಿಡಿ ಅಂದೆ. ಚೀಟಿ ಇನ್ನೂ ನಿಮ್ಮ ಜೇಬಲ್ಲೇ ಇದೆಯಲ್ಲ, ಬೇರೆ ಜಿಂಕೆ ಹೊಡೆಯಬಹುದು ಅಂದೆ. ನನ್ನ ಪಾಲಿನದನ್ನು ಆಗಲೇ ಹೊಡೆದಾಗಿದೆ ಅಂದರು."

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಆಪಿನ ನಡುವೆ ಸತ್ತು ಬಿದ್ದಿತ್ತು. ರಾತ್ರಿಯೇ ಕಯೋಟಿಗಳು, ನಮ್ಮ ನರಿಯಂಥ ಪ್ರಾಣಿಗಳು, ಅರ್ಧ ತಿಂದು ಹೋಗಿದ್ದವು. ಮಾಂಸ ಯಾವುದಕ್ಕೂ ಬಾರದು. ಆಕೆ ಕೈಗವಸು ತೆಗೆದರು, ಅದರ ಕತ್ತಿನ ಮೇಲೆ ಕೈ ಇಟ್ಟರು. ಆಮೇಲೆ ಜೇಬಿನಿಂದ ಚೀಟಿ ತೆಗೆದು, ಮರಗಟ್ಟಿದ ಬೆರಳುಗಳಿಂದ ಅದರ ಕಾಲಿಗೆ ಕಟ್ಟಿದರು. ಆ ವರ್ಷದ ಅವರ ಜಿಂಕೆ ಬೇಟೆ ಅಲ್ಲಿಗೆ ಮುಗಿಯಿತು. ವಾಪಸು ಬರುವಾಗ ಕಾರಿನಲ್ಲಿ ಒಂದೇ ಮಾತು ಆಡಿದರು: "ಅಂಥ ಗಾಳಿಯಲ್ಲಿ ನಾನು ಗುಂಡು ಹಾರಿಸಬಾರದಿತ್ತು."

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದದ್ದು ನಮ್ಮ ಅವ್ವ.

ಅಪ್ಪಯ್ಯನ ಹತ್ತಿರ ಒಂದು ಜೋಡುನಳಿಗೆ ಕೋವಿ ಇತ್ತು. 1972ರ ವನ್ಯಜೀವಿ ಕಾಯಿದೆ ಬರುವುದಕ್ಕೆ ಮೊದಲಿನ ಮಾತು. ಅಪ್ಪಯ್ಯ ಶಿಕಾರಿಯಿಂದ ಕಾಡುಕೋಳಿ ತಂದರೆ ಅವ್ವ ಖುಷಿಯಿಂದಲೇ ಕಡುಬಿಗೆ ಸಾರು ಮಾಡುತ್ತಿದ್ದಳು. ಒಂದು ಮಳೆಗಾಲದ ಸಂಜೆ ಮನೆಯ ಹಿಂದಿನ ಹಾಡ್ಯದಲ್ಲಿ ಅಪ್ಪಯ್ಯ ಕಾಡುಕುರಿಗೆ ಈಡು ಹೊಡೆದ. ಅದು ಕುಂಟುತ್ತ ಒಳಗೆ ಹೋಯಿತು. ಮಳೆ, ಜಿಗಣೆ, ಕತ್ತಲೆ. "ಬೆಳಿಗ್ಗೆ ನೋಡಿದರಾಯ್ತು" ಎಂದು ಬಂದು ಕಂಬಳಿ ಹೊದ್ದು ಮಲಗಿದ. ರಾತ್ರಿಯೆಲ್ಲ ಹಾಡ್ಯದಿಂದ ಅದರ ಕೂಗು ಬರುತ್ತಿತ್ತು. "ಹೋಗಿ ಒಂದು ಗತಿ ಕಾಣಿಸಿ ಬನ್ನಿ" ಎಂದು ಅವ್ವ ಎರಡು ಸಲ ಹೇಳಿದಳು. ಅಪ್ಪಯ್ಯ ಮಗ್ಗುಲು ಬದಲಿಸಿದ. ಬೆಳಗಿನ ಜಾವ ಕೂಗು ನಿಂತಿತು. ಆವತ್ತಿನಿಂದ ಅವ್ವ ಶಿಕಾರಿಯ ಮಾಂಸವನ್ನು ಒಲೆಗೇರಿಸಲಿಲ್ಲ. ಸಂತೆಯ ಮೀನು ಮಾಡುತ್ತಿದ್ದಳು, ಹಬ್ಬಕ್ಕೆ ಸಾಕಿದ ಕೋಳಿ ಮಾಡುತ್ತಿದ್ದಳು. ಅಪ್ಪಯ್ಯ ತಂದದ್ದನ್ನು ಮಾತ್ರ ಇಲ್ಲ. ಅವಳಿಗೆ ಪ್ರಾಣಿಗಳ ಮೇಲೆ ಕರುಣೆ ಹುಟ್ಟಿತು ಎಂದು ಮನೆಯವರೆಲ್ಲ ತಿಳಿದೆವು. ಐವತ್ತು ವರ್ಷಕ್ಕೂ ಮೇಲೆ ನಾನೂ ಹಾಗೇ ತಿಳಿದಿದ್ದೆ.

ಅವಳ ಸಿಟ್ಟು ಕೊಂದದ್ದಕ್ಕಲ್ಲ, ಎದ್ದು ಹೋಗದೆ ಇದ್ದದ್ದಕ್ಕೆ ಎಂದು ನನಗೆ ಹೊಳೆದದ್ದು ಆ ಮಂಜಿನ ರಾತ್ರಿಯಲ್ಲಿ.

ಬೇಟೆ ಸರಿಯೆಂದು ನಾನು ಹೇಳುತ್ತಿಲ್ಲ. ಹೊಟ್ಟೆಗಿಲ್ಲದವರು ಹೊಡೆದರೆ ಒಂದು ಮಾತು. ಸಂತೋಷಕ್ಕೆ ಹೊಡೆಯುವುದನ್ನು ಒಪ್ಪಲು ಈಗಲೂ ನನ್ನಿಂದಾಗುವುದಿಲ್ಲ. ಅಲ್ಲಿ ಬಂದೂಕು, ತೋಟಾಗಳ ಮೇಲಿನ ತೆರಿಗೆಯನ್ನು 1937ರ ಒಂದು ಕಾಯಿದೆಯ ಪ್ರಕಾರ ಕಾಡುಪ್ರಾಣಿಗಳ ರಕ್ಷಣೆಗೇ ಖರ್ಚು ಮಾಡುತ್ತಾರೆ. ಒಳ್ಳೆಯದೇ. ಆದರೆ ಆಪಿನಲ್ಲಿ ಬಿದ್ದು ನರಳಿದ ಜಿಂಕೆಗೆ ಆ ಲೆಕ್ಕದಿಂದ ಏನಾಗಬೇಕು? ಆಕೆ ಹುಡುಕಿದರೆಂದು ಅದರ ನೋವೂ ಕಡಿಮೆಯಾಗಲಿಲ್ಲ. ಗುಂಡು ಹಾರಿಸದೇ ಇದ್ದಿದ್ದರೆ ಹುಡುಕುವ ಕೆಲಸವೇ ಇರುತ್ತಿರಲಿಲ್ಲ. ಅದನ್ನು ಆಕೆಯೇ ಒಪ್ಪಿಕೊಂಡರಲ್ಲ.

ಆದರೆ ನಾನು ಯಾವ ಬಾಯಿಂದ ಕೇಳಲಿ? ಆಕೆ ತಾನು ಮಾಡಿದ ಗಾಯದ ಹಿಂದೆ ಎರಡು ದಿನ ಮಂಜಿನಲ್ಲಿ ನಡೆದರು. ಅಪ್ಪಯ್ಯ ಮಗ್ಗುಲು ಬದಲಿಸಿದ. ನಾನು ರಸ್ತೆಯ ಕಡೆ ತಿರುಗಿ ನಿಂತೆ. ನನ್ನ ಪರವಾಗಿ ಬೇರೊಬ್ಬ ಚಾಕು ಹಿಡಿದ, ನಾನು ಮೆತ್ತನೆಯ ಮನಸ್ಸಿನವಳೆಂಬ ಹೆಸರು ಉಳಿಸಿಕೊಂಡೆ. ಮುಖ ತಿರುಗಿಸುವುದನ್ನೇ ನಾವು ಕರುಣೆ ಎಂದುಕೊಂಡಿದ್ದೇವೆ. ಅದು ಬರೀ ಅನುಕೂಲ. ಒಂದು ಜೀವಕ್ಕೆ ನಮ್ಮಿಂದ ನೋವಾಗಿದ್ದರೆ ಅದರ ಕೊನೆ ಎಲ್ಲಿ ಎಂದು ಹೋಗಿ ನೋಡುವುದೇ ನಾವು ಕೊಡಬೇಕಾದ ಕನಿಷ್ಠ ಬಾಕಿ. ನೋಡಿದ ಮೇಲೆ ಮತ್ತೆ ಅದೇ ಕೈ ಎತ್ತಲು ಕಷ್ಟವಾದರೆ, ಆಗಲಿ.

ಊರಿಗೆ ಬಂದ ಮೇಲೆ ಅಂಗಡಿಯವನ ಕಡೆಗೇ ಮುಖ ಮಾಡಿ ನಿಲ್ಲುತ್ತೇನೆ. "ಆ ಕಡೆ ತಿರುಗಿ ಅಕ್ಕ" ಎಂದು ಅವನೇ ಮೊದಲ ದಿನ ಹೇಳಿದ. ಬೇಡಪ್ಪ ಎಂದೆ. ಆ ದಿನ ಊಟ ಸೇರಲಿಲ್ಲ. ಕೋಳಿ ತರುವುದನ್ನು ನಿಲ್ಲಿಸಿದ್ದೇನೆ ಎಂದು ಬರೆಯುವ ಆಸೆ ಇದೆ, ಆದರೆ ನಿಲ್ಲಿಸಿಲ್ಲ. ವಾರಕ್ಕೊಮ್ಮೆ ತರುತ್ತಿದ್ದದ್ದು ಈಗ ತಿಂಗಳಿಗೊಮ್ಮೆ ಆಗಿದೆ.