ವಿಧಿಯ ಪಾಲೆಷ್ಟು?

ರಸ್ತೆಯಲ್ಲಿ ಸಾವಾದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಜವರಾಯ ಕಾಣಿಸಿಕೊಳ್ಳುತ್ತಾನೆ. ಹೆದ್ದಾರಿಯಲ್ಲಿ ಅಟ್ಟಹಾಸಗೈಯುತ್ತಾನೆ, ಲಾರಿಯ ರೂಪದಲ್ಲಿ ಬರುತ್ತಾನೆ, ಮದುವೆಗೆ ಹೊರಟ ಟೆಂಪೊಗಾಗಿ ತಿರುವಿನಲ್ಲಿ ಕಾದು ಕೂತಿರುತ್ತಾನೆ. ಸತ್ತವರ ಮನೆಗೆ ಬಂದವರ ಮಾತೂ ಇದೇ ಜಾಡಿನದು: ಆಯುಷ್ಯ ಅಷ್ಟೇ ಇತ್ತು, ಋಣ ತೀರಿತು, ಹಣೆಯಲ್ಲಿ ಬರೆದದ್ದನ್ನು ತಪ್ಪಿಸುವವರು ಯಾರು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ‘ಅವತ್ತು ಕೆಲಸಕ್ಕೆ ಹೋಗಬೇಡಿ ಅಂದಿದ್ದರೆ ಆಗ್ತಿತ್ತು’ ಎಂದು ತನ್ನನ್ನೇ ಸುಟ್ಟುಕೊಳ್ಳುತ್ತಿರುವ ಹೆಂಡತಿಗೆ ಆ ಹೊತ್ತಿನಲ್ಲಿ ಬೇರಾವ ಮಾತೂ ಆಸರೆಯಾಗದು. ತೊಂದರೆ ಶುರುವಾಗುವುದು ಅದೇ ಮಾತು ಇನ್ನೊಬ್ಬರ ಬಾಯಿಗೆ ದಾಟಿದಾಗ. ತಿಥಿ ಮುಗಿಯುವ ಹೊತ್ತಿಗೆ ಗಾಡಿಯ ಮಾಲೀಕನ ಕಡೆಯವರು ಊರಿನ ಒಂದಿಬ್ಬರು ಹಿರಿಯರನ್ನು ಮುಂದಿಟ್ಟುಕೊಂಡು ಬರುತ್ತಾರೆ. ‘ಡ್ರೈವರ್ ಬೇಕೂಂತ ಮಾಡಿದ್ದಲ್ಲ, ಅವರ ಗಳಿಗೆ ಹಾಗಿತ್ತು, ಕೋರ್ಟು ಕಚೇರಿ ಅಲೆದರೆ ಹೋದ ಜೀವ ಬರುತ್ತದೆಯೇ’ ಎನ್ನುತ್ತಾರೆ. ನೊಂದವರ ಸಮಾಧಾನಕ್ಕಿದ್ದ ಮಾತು ಈಗ ನೋಯಿಸಿದವರ ರಕ್ಷಣೆಗೆ ನಿಂತಿದೆ. ಆಗ ಏಳುವ ಪ್ರಶ್ನೆ ಕಾನೂನಿನದಷ್ಟೇ ಅಲ್ಲ. ಸಾವು ವಿಧಿಲಿಖಿತವಾದರೆ ಪರಿಹಾರ ಕೇಳುವುದು ಯಾವ ನ್ಯಾಯ? ಪರಿಹಾರ ಕೇಳುವುದು ನ್ಯಾಯವಾದರೆ ವಿಧಿಯನ್ನು ನಂಬುವುದು ಆತ್ಮವಂಚನೆಯೇ?

ಎರಡೂ ಒಟ್ಟಿಗೆ ಇರಬಲ್ಲವು ಎಂಬುದು ನನ್ನ ವಾದ. ಇದಕ್ಕೆ ನಂಬಿಕೆಯನ್ನು ಬಿಡಬೇಕಿಲ್ಲ. ಅದನ್ನು ಸರಿಯಾಗಿ ಓದಿದರೆ ಸಾಕು. ಭಗವದ್ಗೀತೆಯ 18ನೆಯ ಅಧ್ಯಾಯದಲ್ಲಿ ಯಾವುದೇ ಕ್ರಿಯೆ ನೆರವೇರಲು ಐದು ಕಾರಣಗಳನ್ನು ಎಣಿಸಲಾಗಿದೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಕೊನೆಗೆ ದೈವ. ಅಧಿಷ್ಠಾನವೆಂದರೆ ಶರೀರ ಎಂದು ಭಾಷ್ಯಕಾರರು ಹೇಳುತ್ತಾರೆ; ಕ್ರಿಯೆ ನಡೆಯುವ ನೆಲೆ ಎಂದು ನಾನಿಲ್ಲಿ ಅದನ್ನು ಸ್ವಲ್ಪ ಹಿಗ್ಗಿಸುತ್ತಿದ್ದೇನೆ, ಪಂಡಿತರು ಕ್ಷಮಿಸಲಿ. ಒಂದು ಅಪಘಾತವನ್ನು ಈ ಐದರ ಮುಂದಿಟ್ಟು ನೋಡಿ. ದೀಪವಿಲ್ಲದ, ಡಾಂಬರು ಕಿತ್ತ ರಸ್ತೆ ನೆಲೆ. ಹದಿನಾರು ತಾಸು ನಿದ್ದೆಗೆಟ್ಟ ಚಾಲಕ ಕರ್ತೃ. ಟೈರು ಸವೆದ ಲಾರಿ ಕರಣ. ಬಲಕ್ಕೆ ನುಗ್ಗಿ ಮುಂದಿನ ಗಾಡಿಯನ್ನು ಹಿಂದಿಕ್ಕಿದ್ದು ಚೇಷ್ಟೆ. ಇವೆಲ್ಲ ಆದ ಮೇಲೆ ದೈವ ಐದನೆಯದು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1.68 ಲಕ್ಷಕ್ಕೂ ಹೆಚ್ಚು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ ಇವುಗಳಲ್ಲಿ ಹತ್ತಕ್ಕೆ ಏಳು ಸಾವು ಅತಿವೇಗದಿಂದ ಆದವು. ವಿಧಿಯೊಂದೇ ಕಾರಣವಾಗಿದ್ದರೆ ಅದಕ್ಕೆ ಸ್ಪೀಡೋಮೀಟರಿನ ಮೇಲೆ ಇಷ್ಟು ಒಲವಿರಲು ಕಾರಣವಿಲ್ಲ. ಎಲ್ಲವನ್ನೂ ನಾನೊಬ್ಬನೇ ಮಾಡಿದೆ ಎನ್ನುವವನಿಗೆ ತಿಳಿವಳಿಕೆ ಸಾಲದು ಎಂದು ಅದೇ ಅಧ್ಯಾಯ ಮುಂದೆ ಹೇಳುತ್ತದೆ, ನಿಜ. ಆದರೆ ಅದು ಅಹಂಕಾರಿಗೆ ಹೇಳಿದ ಮಾತು. ನಾನೇನೂ ಮಾಡಲಿಲ್ಲ ಎಂದು ಜಾರಿಕೊಳ್ಳುವವನಿಗೆ ಕೊಟ್ಟ ರಹದಾರಿಯಲ್ಲ.

ಗಾಡಿ ಅಪಘಾತದ ವಿಚಾರ ನಮ್ಮ ಧರ್ಮಶಾಸ್ತ್ರಗಳಿಗೆ ಹೊಸದೂ ಅಲ್ಲ. ಮನುಸ್ಮೃತಿಯ 8ನೆಯ ಅಧ್ಯಾಯದಲ್ಲಿ ಇದರ ಬಗ್ಗೆ ವಿವರವಾದ ನಿಯಮಗಳೇ ಇವೆ. ಮನುವನ್ನು ನಾನು ಪ್ರಮಾಣವೆಂದು ಕರೆಯುತ್ತಿಲ್ಲ. ಜಾತಿ ನೋಡಿ ದಂಡ ಹೇಳಿದ ಗ್ರಂಥವದು, ಇಂದು ಯಾವ ನ್ಯಾಯಾಲಯವೂ ಅದರ ಮುಂದೆ ತಲೆಬಾಗಬೇಕಿಲ್ಲ. ಆದರೆ ಕರ್ಮವನ್ನೂ ಪುನರ್ಜನ್ಮವನ್ನೂ ಗಟ್ಟಿಯಾಗಿ ನಂಬಿದವರು ಗಾಡಿಗೆ ಸಿಕ್ಕಿ ಸತ್ತವನ ವಿಷಯದಲ್ಲಿ ಏನು ಯೋಚಿಸಿದರು ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ. ಸಾರಥಿಗೆ ಗಾಡಿ ಹೊಡೆಯಲು ಬಾರದೆ ಅನಾಹುತವಾದರೆ ದಂಡ ಮಾಲೀಕನಿಗೆ, ಇನ್ನೂರು ಪಣ. ಸಾರಥಿ ನುರಿತವನಾಗಿದ್ದೂ ಹೀಗಾದರೆ ದಂಡ ಸಾರಥಿಗೆ. ಬಾರದವನೆಂದು ಕಂಡೂ ಗಾಡಿ ಹತ್ತಿದ್ದರೆ ಒಳಗೆ ಕೂತವರಿಗೂ ತಲಾ ನೂರು ಪಣ. ಯಾರ ಕೈಯಲ್ಲಿ ಏನಿತ್ತು ಎಂದು ಬಿಡಿಸಿ ಬಿಡಿಸಿ ನೋಡುವ ಈ ಲೆಕ್ಕದಲ್ಲಿ ಸತ್ತವನ ಹಣೆಬರಹದ ಪ್ರಸ್ತಾಪವೇ ಇಲ್ಲ. ದಂಡ ಕೂಡದ ಹತ್ತು ಸಂದರ್ಭಗಳನ್ನೂ ಅದು ಹೇಳುತ್ತದೆ: ಮೂಗುದಾರ ಕಡಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, ಗಾಲಿ ಮುರಿದರೆ, ದೂರ ಸರಿಯಿರಿ ಎಂದು ಕೂಗಿ ಎಚ್ಚರಿಸಿದ್ದರೆ, ಹೀಗೆ. ಮನುಷ್ಯನ ಕೈಮೀರಿದ್ದು ಎಂದು ಅಂದಿನವರು ಗೆರೆ ಎಳೆದದ್ದು ಇಲ್ಲಿ. ನಮ್ಮ ಸುಪ್ರೀಂ ಕೋರ್ಟು 2001ರಲ್ಲಿ ಕೌಶ್ನುಮಾ ಬೇಗಂ ಪ್ರಕರಣದಲ್ಲಿ ಆ ಗೆರೆಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿತು. ಜೀಪಿನ ಮುಂದಿನ ಟೈರು ಸಿಡಿದು, ಗಾಡಿ ಮಗುಚಿ, ದಾರಿಯಲ್ಲಿ ನಡೆದು ಹೋಗುತ್ತಿದ್ದವರೊಬ್ಬರು ಸತ್ತಿದ್ದರು. ಚಾಲಕನ ಅಜಾಗರೂಕತೆ ರುಜುವಾತಾಗಲಿಲ್ಲ ಎಂದು ನ್ಯಾಯಮಂಡಳಿ ಅರ್ಜಿಯನ್ನು ವಜಾ ಮಾಡಿತ್ತು. ಅಪಾಯವಿರುವ ವಸ್ತುವನ್ನು ರಸ್ತೆಗೆ ತಂದವನು, ತನ್ನ ತಪ್ಪಿಲ್ಲದಿದ್ದರೂ, ಅದರಿಂದಾದ ಕೇಡಿಗೆ ಹೊಣೆ ಎಂದು ಸುಪ್ರೀಂ ಕೋರ್ಟು ಹೇಳಿತು. ಮುರಿದ ಗಾಲಿಗೆ ಮನು ಕೊಟ್ಟಿದ್ದ ವಿನಾಯಿತಿ ಸಿಡಿದ ಟೈರಿಗೆ ಸಿಗಲಿಲ್ಲ. ಮನುಷ್ಯನ ಅಂಕೆ ಹೆಚ್ಚಿದಷ್ಟೂ ವಿಧಿಯ ಪಾಲು ಕುಗ್ಗುವುದು ಸಹಜವಾದ್ದರಿಂದ ಇದು ನನಗೆ ಸರಿಯಾಗಿಯೇ ಕಾಣುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ಆಕ್ಷೇಪವಿದೆ. ಚಾಲಕ ತಪ್ಪಿತಸ್ಥನೇ ಇರಲಿ, ಆದರೆ ಸತ್ತವನ ಕರ್ಮ ಪಕ್ವವಾಗದೆ ಆ ಲಾರಿ ಅವನ ಮೇಲೆಯೇ ಏಕೆ ಹರಿಯಿತು? ಚಾಲಕ ನಿಮಿತ್ತ ಮಾತ್ರವಲ್ಲವೇ? ಇದಕ್ಕೆ ನಾನು ಕಂಡ ಅತ್ಯಂತ ಚೊಕ್ಕ ಉತ್ತರ ಯೆಹೂದಿಗಳ ತಾಲ್ಮುದ್ ಗ್ರಂಥದಲ್ಲಿದೆ. ಮನೆಯ ತಾರಸಿಗೆ ತಡೆಗೋಡೆ ಕಟ್ಟಬೇಕು, ಇಲ್ಲವಾದರೆ ಯಾರಾದರೂ ಬಿದ್ದು ಅದರ ಪಾಪ ಮನೆಗೆ ತಟ್ಟೀತು ಎಂಬುದು ಅವರ ಧರ್ಮಗ್ರಂಥದ ವಿಧಿ. ಅದಕ್ಕೆ ತಾಲ್ಮುದಿನ ಪಂಡಿತರು ಕೊಡುವ ವಿವರಣೆಯ ಸಾರ ಇಷ್ಟು: ಬೀಳುವವನು ಬೀಳಬೇಕೆಂದು ಸೃಷ್ಟಿಯ ಕಾಲದಲ್ಲೇ ನಿಶ್ಚಯವಾಗಿದ್ದಿರಬಹುದು, ಆದರೆ ಕೇಡು ಬರುವುದು ತಪ್ಪಿತಸ್ಥರ ಕೈಯಿಂದ, ಆ ಕೈ ನಿನ್ನದಾಗದಿರಲಿ. ನಿಮಿತ್ತನಾಗುವುದೂ ಒಂದು ಹೊಣೆಯೇ ಎಂದಾಯಿತು. ನಮ್ಮ ನೆಲದ ಜೈನರು ಬೇರೆ ದಾರಿಯಿಂದ ಇಲ್ಲಿಗೇ ಬಂದರು. ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಾಣ ಹೋಯಿತು ಎನ್ನುವುದಕ್ಕೆ ನಿಲ್ಲದೆ, ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಹೋಯಿತೇ ಎಂದು ಕೇಳುತ್ತದೆ. ಕರ್ಮಸಿದ್ಧಾಂತವನ್ನು ಜೈನರಷ್ಟು ಕಟ್ಟುನಿಟ್ಟಾಗಿ ಬೆಳೆಸಿದವರು ವಿರಳ. ಅವರೇ ಸಾಯಿಸಿದವನ ಮೈಮರೆವನ್ನು ಸತ್ತವನ ಕರ್ಮದ ಖಾತೆಗೆ ಬರೆಯಲಿಲ್ಲ. ಎಲ್ಲವೂ ಅಲ್ಲಾಹನ ನಿರ್ಣಯ ಎಂದು ನಂಬುವ ಇಸ್ಲಾಂ ಕೂಡ, ಅರಿಯದೆ ಆದ ಕೊಲೆಗೆ ಸತ್ತವನ ಮನೆಯವರಿಗೆ ದಿಯತ್, ಅಂದರೆ ಪರಿಹಾರಧನ, ಕೊಡಬೇಕೆಂದು ಕುರಾನಿನಲ್ಲೇ ವಿಧಿಸಿದೆ. ಬೇಡವೆಂದು ಬಿಟ್ಟುಕೊಡುವ ಹಕ್ಕು ಮನೆಯವರದು, ಕೊಡಬೇಕಾದವನದಲ್ಲ. ಅಷ್ಟಕ್ಕೂ ಇನ್ನೊಬ್ಬನ ಕರ್ಮ ಪಕ್ವವಾಗಿತ್ತು ಎಂದು ಹೇಳುವವನಿಗೆ ಅದು ಗೊತ್ತಾದದ್ದು ಹೇಗೆ? ಸಾವಾದ ಮೇಲೆ ಮಾತ್ರ ತಿಳಿಯುವ, ಯಾವ ಸಾವಿಗೂ ಹೊಂದುವ ಕಾರಣವನ್ನು ಇಟ್ಟುಕೊಂಡು ಹೊಣೆ ಹಂಚಲಾಗದು. ಸತ್ತವನ ಪಾಲನ್ನೂ ನ್ಯಾಯಾಲಯ ತೂಗುತ್ತದೆ, ಆದರೆ ಕಣ್ಣಿಗೆ ಕಾಣುವ ಪಾಲನ್ನು. ಬೈಕಿನಲ್ಲಿ ಮೂವರು ಕೂತಿದ್ದರು ಎಂಬ ಒಂದೇ ಕಾರಣಕ್ಕೆ ಪರಿಹಾರ ಕಡಿತ ಮಾಡುವಂತಿಲ್ಲ, ಹಾಗೆ ಕೂತದ್ದಕ್ಕೂ ಅಪಘಾತಕ್ಕೂ ನಂಟಿದೆ ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಅಷ್ಟು ಸ್ಪಷ್ಟ ತಪ್ಪಿಗೇ ಪುರಾವೆ ಬೇಕೆಂದರೆ ಹಿಂದಿನ ಜನ್ಮದ ತಪ್ಪಿಗೆ ಬೇಡವೇ?

ಹೊಣೆಯನ್ನು ಒಪ್ಪುವವರೂ ಹಿಂಜರಿಯುವುದು ದುಡ್ಡಿನ ಮಾತು ಬಂದಾಗ. ಗಂಡನ ಹೆಣದ ಮೇಲೆ ಬಂದ ದುಡ್ಡು, ಮಗನ ಜೀವ ಮಾರಿದ ದುಡ್ಡು ಎಂಬ ಚುಚ್ಚುಮಾತು ಕೇಳದ ವಿಧವೆಯರು ಕಡಿಮೆ. ಈ ಸಂಕೋಚ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಕುದುರೆ ಕೋಚು ಮಗುಚಿ ಹೆಂಡತಿಯನ್ನು ಕಳೆದುಕೊಂಡವನೊಬ್ಬ 1808ರಲ್ಲಿ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋದಾಗ, ಮನುಷ್ಯನ ಸಾವು ಸಿವಿಲ್ ವ್ಯಾಜ್ಯದಲ್ಲಿ ನಷ್ಟವೆಂದು ಎಣಿಸತಕ್ಕದ್ದಲ್ಲ ಎಂಬ ಉತ್ತರ ಸಿಕ್ಕಿತು. ಕೈ ಮುರಿದರೆ ಪರಿಹಾರವುಂಟು, ಸತ್ತರೆ ಇಲ್ಲ! ಅಲ್ಲಿ 1846ರಲ್ಲಿ, ಭಾರತದಲ್ಲಿ 1855ರಲ್ಲಿ ಕಾಯ್ದೆ ಬಂದ ಮೇಲೆ ಈ ವಿಪರ್ಯಾಸ ಕೊನೆಗೊಂಡಿತು. ಇಂದು ಎಂವಿಸಿ ಕೇಸುಗಳಲ್ಲಿ, ಅಂದರೆ ವಾಹನ ಅಪಘಾತ ಪರಿಹಾರದ ಪ್ರಕರಣಗಳಲ್ಲಿ, ನಡೆಯುವ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಅದು ಜೀವದ ಬೆಲೆಯಲ್ಲ ಎಂಬುದು ತಿಳಿಯುತ್ತದೆ. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ 34 ವರ್ಷದ ಗಾರೆ ಕೆಲಸದವನು ಸತ್ತನೆನ್ನಿ. ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆಂದು ಶೇ 40 ಸೇರಿಸಿದರೆ 21,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಹೀಗೆ ನಾಲ್ವರು ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಅವನ ವಯಸ್ಸಿಗೆ ಗುಣಕ 16, ಒಟ್ಟು 30,24,000. ಈ ಗುಣಕದ ಪಟ್ಟಿಗೆ ಈಗಿನ ರೂಪ ಕೊಟ್ಟ 2009ರ ಸರಳಾ ವರ್ಮಾ ತೀರ್ಪನ್ನು ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಸತ್ತವನು ತನಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದ ಕಾಲು ಭಾಗವನ್ನು ಕಳೆಯುತ್ತಾರಲ್ಲ, ಅಲ್ಲಿದೆ ಇಡೀ ಲೆಕ್ಕದ ಮರ್ಮ. ಜೀವಕ್ಕೇ ಬೆಲೆ ಕಟ್ಟುವುದಾಗಿದ್ದರೆ ಅದನ್ನು ಕಳೆಯುತ್ತಿರಲಿಲ್ಲ. ಉಳಿದವರ ತಟ್ಟೆಗೆ ಬೀಳುತ್ತಿದ್ದ ಅನ್ನವನ್ನಷ್ಟೇ ಇಲ್ಲಿ ಎಣಿಸಿದ್ದಾರೆ. ಅದನ್ನು ಕೇಳುವುದರಲ್ಲಿ ಮಾರಾಟವೂ ಇಲ್ಲ, ನಾಚಿಕೆಯೂ ಬೇಕಿಲ್ಲ.

ಹಾಗಾದರೆ ಅದೇ ವಯಸ್ಸಿನ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರೆ ಕೋಟಿಗಟ್ಟಲೆ ಬರುತ್ತದಲ್ಲ, ದೇವರ ಮುಂದೆ ಸಮವಾದ ಜೀವಗಳು ನ್ಯಾಯಾಲಯದಲ್ಲಿ ಏಕೆ ಸಮವಲ್ಲ? ಎಲ್ಲ ಆಕ್ಷೇಪಗಳಲ್ಲಿ ಇದು ಬಲವಾದದ್ದು. ಕ್ಷತ್ರಿಯನನ್ನು ಕೊಂದರೆ ಸಾವಿರ ಗೋವು, ವೈಶ್ಯನಿಗೆ ನೂರು, ಶೂದ್ರನಿಗೆ ಹತ್ತು ಎಂದ ಆಪಸ್ತಂಬ ಧರ್ಮಸೂತ್ರವನ್ನು ಓದಿದವರಿಗೆ ಈ ಏರಿಳಿತ ಕಸಿವಿಸಿ ತರದೆ ಇರದು. ಆಪಸ್ತಂಬ ಅಳೆದದ್ದು ಹುಟ್ಟನ್ನು, ಇಂದಿನ ಕಾನೂನು ಅಳೆಯುವುದು ಮನೆಗಾದ ನಷ್ಟವನ್ನು ಎಂಬ ಸಮರ್ಥನೆ ಇದೆ, ಅದು ಸುಳ್ಳಲ್ಲ. ಆದರೆ ನಷ್ಟವೆಂದು ಯಾವುದನ್ನು ಎಣಿಸುತ್ತೇವೆ ಎಂಬಲ್ಲಿ ಪಕ್ಷಪಾತ ನುಸುಳಬಹುದು, ನುಸುಳಿತ್ತು ಕೂಡ. ಸಂಬಳ ತರದ ಗೃಹಿಣಿಯ ಸಾವಿನಿಂದ ಮನೆಗಾದ ನಷ್ಟ ಸೊನ್ನೆ ಎಂಬ ಧಾಟಿಯ ವಾದಗಳು ವರ್ಷಗಟ್ಟಲೆ ನಡೆದವು. ಜಮ್‌ಶೆಡ್‌ಪುರದ ಬೆಂಕಿ ದುರಂತದ ಪ್ರಕರಣದಲ್ಲಿ 2001ರಲ್ಲಿ ಗೃಹಿಣಿಯ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಎಂದು ನಿಗದಿಯಾಯಿತು. 2021ರ ಕೀರ್ತಿ ಪ್ರಕರಣದ ಹೊತ್ತಿಗೆ ನ್ಯಾಯಾಲಯ ಸರ್ಕಾರದ್ದೇ ಸಮೀಕ್ಷೆಯನ್ನು ಮುಂದಿಟ್ಟಿತು: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಸಾಂಗತ್ಯ ಕಳೆದುಕೊಂಡದ್ದಕ್ಕೆ ಕೊಡುವ ಮೊತ್ತವಂತೂ ಬಡವ ಬಲ್ಲಿದ ಎನ್ನದೆ ಒಂದೇ. 2017ರ ಪ್ರಣಯ್ ಸೇಠಿ ತೀರ್ಪು ಅದನ್ನು 40,000 ಎಂದು ನಿಗದಿ ಮಾಡಿ ಮೂರು ವರ್ಷಕ್ಕೊಮ್ಮೆ ಶೇ 10ರಷ್ಟು ಏರಿಸಲು ಹೇಳಿತು. ಮರುವರ್ಷ ಇನ್ನೊಂದು ತೀರ್ಪು ಅದನ್ನು ಹೆಂಡತಿಗಷ್ಟೇ ಅಲ್ಲ, ತಂದೆಯನ್ನು ಕಳೆದುಕೊಂಡ ಮಕ್ಕಳಿಗೆ, ಮಗನನ್ನು ಕಳೆದುಕೊಂಡ ತಾಯಿಗೂ ಹಬ್ಬಿಸಿತು. ಕಾನೂನು ಸರಿದಾರಿಗೆ ಬಂದಿದೆ, ಆದರೆ ನಿಧಾನಕ್ಕೆ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೆ ಸತ್ತವನ ಮನೆಗೆ ಸಿಗುವುದು 2 ಲಕ್ಷ ಮಾತ್ರ. ಅಪರಾಧಿ ಓಡಿಹೋದದ್ದಕ್ಕೆ ನೊಂದವರು ತೆರಬೇಕಾದ ದಂಡವಿದು. ಇದಕ್ಕೆ ಯಾವ ತತ್ತ್ವದ ಸಮರ್ಥನೆಯೂ ಇಲ್ಲ.

ದುಡ್ಡು ಕೊಡುವುದು ವಿಮಾ ಕಂಪನಿ, ಹಾಗಿರುವಾಗ ತಪ್ಪು ಮಾಡಿದವನಿಗೆ ಪಾಪಪ್ರಜ್ಞೆ ಎಲ್ಲಿಂದ ಬರಬೇಕು ಎಂದೂ ಕೇಳುತ್ತಾರೆ. ಪಾಪಪ್ರಜ್ಞೆ ಹುಟ್ಟಿಸುವುದು ಪರಿಹಾರದ ಕೆಲಸವಲ್ಲ. ಅಜಾಗರೂಕತೆಯಿಂದ ಸಾವು ತಂದವನಿಗೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಂನಲ್ಲಿ ಐದು ವರ್ಷದವರೆಗೆ ಶಿಕ್ಷೆಯಿದೆ. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನಿಂದ, ಮೊದಲು ಪರಿಹಾರ ಕೊಟ್ಟ ಕಂಪನಿ ಆಮೇಲೆ ವಸೂಲು ಮಾಡಿಕೊಳ್ಳಬಹುದು. ಮೇಲಾಗಿ ಥರ್ಡ್ ಪಾರ್ಟಿ ವಿಮೆಯ ಕಂತು ಕಟ್ಟುವ ಪ್ರತಿಯೊಬ್ಬ ವಾಹನ ಮಾಲೀಕನೂ ನನ್ನಿಂದ ಇನ್ನೊಬ್ಬನಿಗೆ ಕೇಡಾದೀತು ಎಂದು ಮುಂಗಡವಾಗಿಯೇ ಒಪ್ಪಿಕೊಳ್ಳುತ್ತಿರುತ್ತಾನೆ. ಹಾಗೆ ಒಪ್ಪಿ ಸಹಿ ಹಾಕಿದವನು ಕೇಡಾದ ಮೇಲೆ ವಿಧಿಯತ್ತ ಬೆರಳು ತೋರಿಸುವುದು ಕೊಟ್ಟ ಮಾತಿಗೆ ತಪ್ಪಿದಂತೆ. ಸುಳ್ಳು ಕ್ಲೇಮುಗಳ ದಂಧೆ ಇದೆಯಲ್ಲ ಎಂದರೆ, ಇದೆ. ಅದನ್ನು ಪೊಲೀಸರು ಹಿಡಿಯಲಿ. ಅದರ ನೆಪದಲ್ಲಿ ನಿಜವಾಗಿ ನೊಂದವರನ್ನು ಸುಮ್ಮನಾಗಿಸುವುದು ಸಲ್ಲದು.

ಆದ್ದರಿಂದ ಸಾವಿನ ಮನೆಗೆ ಹೋದವರು ವಿಧಿಯ ಮಾತನ್ನು ಧಾರಾಳವಾಗಿ ಆಡಲಿ, ಅದರ ಜೊತೆಗೆ ಎಫ್‌ಐಆರ್ ಪ್ರತಿ ತೆಗೆದಿಟ್ಟುಕೊಂಡಿದ್ದೀರಾ ಎಂದೂ ಕೇಳಲಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ಹಾಕಿದೆ. ಆ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ, ಆದರೆ ಅದರ ಭರವಸೆಯ ಮೇಲೆ ಕೂರುವುದು ಬೇಡ. ಅಪಘಾತ ಎಲ್ಲೇ ಆಗಿರಲಿ, ತಾವು ವಾಸವಿರುವ ಊರಿಗೆ ಸೇರಿದ ನ್ಯಾಯಮಂಡಳಿಯಲ್ಲೇ ಮನೆಯವರು ಅರ್ಜಿ ಹಾಕಬಹುದು.